ಒಂದೇ ದಿನದಲ್ಲಿ ಹಾಲು ಬಿಡಿಸಲಾಗದು

ಹೆರಿಗೆ ರಜೆ ಮುಗಿಯುತ್ತ ಬಂದರೆ ದುಡಿಯುವ ತಾಯಿಗೆ ಎರಡು ಚಿಂತೆ. ಪಾಳಿಗೆ ಹೋಗದಿದ್ದರೆ ಕೂಲಿಯಿಲ್ಲ. ಹೋದರೆ ಕೂಸಿಗೆ ಹಾಲಿಲ್ಲ. ನಾಳೆ ಕೆಲಸಕ್ಕೆ ಹೋಗಬೇಕೆನ್ನುವಾಗ ಮೊಲೆಗೆ ಬೇವಿನ ರಸ ಹಚ್ಚಿ ಕೂಸಿನ ಬಾಯಿ ಕಹಿ ಮಾಡುವ ಪದ್ಧತಿ ನಮಗೆಲ್ಲ ಗೊತ್ತು. ಇದಕ್ಕಾಗಿ ತಾಯಿಯನ್ನು ದೂರುವವರು ಬಹಳ. ಅವಳಿಗೆ ಆ ಅವಸರವನ್ನು ತಂದೊಡ್ಡಿದವರಾರು ಎಂದು ಕೇಳುವವರು ಕಡಿಮೆ. ನಾವು ಅದನ್ನೇ ಕೇಳುತ್ತೇವೆ.

ಮೊಲೆ ಬಿಡಿಸುವುದು ನಿಧಾನದ ಕೆಲಸ. ತಟ್ಟನೆ ನಿಲ್ಲಿಸಿದರೆ ಹಾಲು ಕಟ್ಟಿಕೊಂಡು ಎದೆ ಗಡುಸಾಗುತ್ತದೆ. ಬಾವು, ಜ್ವರ ಬರಬಹುದು. ಕೂಸೂ ಹಟ ಹಿಡಿಯುತ್ತದೆ. ಆದುದರಿಂದ ಕೆಲಸಕ್ಕೆ ಮರಳುವ ಮೂರು ನಾಲ್ಕು ವಾರ ಮುಂಚಿನಿಂದಲೇ, ಮೊದಲು ನಡುಹಗಲಿನ ಒಂದು ಸಲದ ಹಾಲನ್ನು ಬಿಡಿಸಬೇಕು. ಕೆಲವು ದಿನ ಕಳೆದು ಎದೆ ಹಗುರಾದ ಮೇಲೆ ಇನ್ನೊಂದು ಸಲದ್ದು. ಬೆಳಗಿನ ಮತ್ತು ರಾತ್ರಿಯ ಹಾಲನ್ನು ಬಿಡಿಸಬೇಕಾದ ಅಗತ್ಯವೇ ಇಲ್ಲ.

ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು; ಆಮೇಲೆ ಇತರ ಆಹಾರದೊಡನೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಕುಡಿಸಬಹುದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆರು ತಿಂಗಳು ತುಂಬದ ಕೂಸಿಗೆ, ತಾಯಿ ಹಿಂಡಿಟ್ಟ ಹಾಲನ್ನು ಮನೆಯವರು ಶುಚಿಯಾದ ಒಳಲೆಯಲ್ಲಿ ಕುಡಿಸಬಹುದು. ಸೆಕೆಯಿಲ್ಲದ ಕೋಣೆಯಲ್ಲಿ ಆ ಹಾಲು ನಾಲ್ಕು ಗಂಟೆ ಕೆಡುವುದಿಲ್ಲ. ಆರು ತುಂಬಿದ ಮೇಲೆ ರಾಗಿ ಸರಿ, ಬೇಳೆಯೊಡನೆ ಹಿಸುಕಿದ ಮೆತ್ತನೆಯ ಅನ್ನ ಕೊಡಬಹುದು.

ಇಷ್ಟಕ್ಕೆಲ್ಲ ಬೇಕಾದುದು ಕಾಲಾವಕಾಶ. 1961ರ ಹೆರಿಗೆ ಭತ್ಯೆ ಕಾಯಿದೆ 12 ವಾರಗಳ ರಜೆ ಕೊಟ್ಟಿತ್ತು. 2017ರ ತಿದ್ದುಪಡಿ ಅದನ್ನು 26 ವಾರಕ್ಕೆ ಏರಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆ ಅದನ್ನೇ ಉಳಿಸಿಕೊಂಡಿದೆ. ಆದರೆ ಲೆಕ್ಕ ಹಾಕಿ ನೋಡಿ. ತುಂಬು ಗರ್ಭಿಣಿ ನಿಂತು ದುಡಿಯಲಾರದೆ ಎಂಟು ವಾರ ಮೊದಲೇ ರಜೆ ಪಡೆದರೆ, ಹೆರಿಗೆಯ ನಂತರ ಉಳಿಯುವುದು 18 ವಾರ. ವೈದ್ಯರು ಆರು ತಿಂಗಳೆನ್ನುತ್ತಾರೆ. ಹಾಜರಿ ಪುಸ್ತಕ ನಾಲ್ಕು ತಿಂಗಳೆನ್ನುತ್ತದೆ. ಇಬ್ಬರು ಮಕ್ಕಳಿರುವ ತಾಯಿಗೆ ಮೂರನೆಯ ಹೆರಿಗೆಗೆ ಸಿಗುವುದು ಬರೀ 12 ವಾರ. ಮೂರನೆಯದಾಗಿ ಹುಟ್ಟಿದ್ದಕ್ಕೆ ಕೂಸಿನ ಹಸಿವು ಅರ್ಧವಾಗುತ್ತದೆಯೆ?

ಕೆಲಸಕ್ಕೆ ಮರಳಿದ ಮೇಲೂ ಹಕ್ಕುಗಳಿವೆ. ಮಗುವಿಗೆ 15 ತಿಂಗಳಾಗುವವರೆಗೆ, ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕು. ಅದಕ್ಕಾಗಿ ಕೂಲಿ ಮುರಿಯುವಂತಿಲ್ಲ. 50 ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಶಿಶುಪಾಲನಾ ಕೊಠಡಿಯ ಸೌಕರ್ಯವಿರಬೇಕು. ವಿಶ್ರಾಂತಿಯ ಹೊತ್ತೂ ಸೇರಿ ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಬಹುದು. ಇನ್‌ಸ್ಪೆಕ್ಟರು ಬರುವ ದಿನ ಮಾತ್ರ ಬೀಗ ತೆಗೆಯುವ ಕೋಣೆಯನ್ನು ಶಿಶುಪಾಲನಾ ಕೊಠಡಿಯೆಂದು ನಾವು ಒಪ್ಪುವುದಿಲ್ಲ.

ವ್ಯಾಪಾರಿ ಬಂಧುಗಳಿಗೂ ಒಂದು ಮಾತು. ಹತ್ತು ಮಂದಿಗಿಂತ ಕಡಿಮೆ ಕೆಲಸಗಾರರಿರುವ ಅಂಗಡಿಗೆ ಈ ಕಟ್ಟಳೆ ತಾಗದಿರಬಹುದು. ಆದರೆ ಗಿರಾಕಿ ಕಡಿಮೆಯಿರುವ ಮಧ್ಯಾಹ್ನ, ಅಂಗಡಿಯಲ್ಲಿ ದುಡಿಯುವ ಹೆಣ್ಣುಮಗಳನ್ನು ಅರ್ಧ ಗಂಟೆ ಮನೆಗೆ ಕಳುಹಿಸಿದರೆ ನಿಮ್ಮ ಗಲ್ಲಾಪೆಟ್ಟಿಗೆಯೇನೂ ಬರಿದಾಗದು. ಶಿಶುಗಳ ಹಾಲಿನ ಪುಡಿಗೆ ಜಾಹೀರಾತು ಹಾಕುವುದನ್ನೂ ಉಡುಗೊರೆಯ ಆಮಿಷ ಒಡ್ಡುವುದನ್ನೂ 1992ರ ಕಾಯಿದೆ ನಿಷೇಧಿಸಿದೆ. ಬಡವರ ಮನೆಯಲ್ಲಿ ಡಬ್ಬಿ ಬೇಗ ಮುಗಿಯಬಾರದೆಂದು ಪುಡಿಗೆ ನೀರು ಹೆಚ್ಚಾದರೆ ಕೂಸು ಸೊರಗುತ್ತದೆ. ಆ ನೀರು ಕೊಳೆಯಾಗಿದ್ದರೆ ಭೇದಿ ಹಿಡಿಯುತ್ತದೆ.

ಇದು ಹೆಂಗಸರ ವಿಷಯವೆಂದು ಗಂಡಸರು ಪಕ್ಕಕ್ಕೆ ಸರಿಯುವುದು ಸಲ್ಲದು. ಬೋನಸ್ಸು, ತುಟ್ಟಿಭತ್ಯೆಗಳ ಜೊತೆಗೆ ಸಂಘಗಳ ಬೇಡಿಕೆ ಪಟ್ಟಿಯಲ್ಲಿ ಇವೂ ಸೇರಲಿ: 26 ವಾರಗಳ ರಜೆಯನ್ನು ಹೆರಿಗೆಯ ದಿನದಿಂದ ಎಣಿಸಬೇಕು, ಎಷ್ಟನೆಯ ಮಗುವಾದರೂ ರಜೆ ಒಂದೇ ಇರಬೇಕು, ಶಿಶುಪಾಲನಾ ಕೊಠಡಿ ಪ್ರತಿ ಪಾಳಿಯಲ್ಲೂ ತೆರೆದಿರಬೇಕು. ಕೂಸಿಗೆ ಹಾಲು ಬಿಡಿಸುವ ದಿನವನ್ನು ಗೊತ್ತುಮಾಡಬೇಕಾದವಳು ತಾಯಿ, ಗಿರಣಿಯ ಕೂಗಲ್ಲ.