ಜಿಪಿಎಸ್ ಇದ್ದರೂ ದೀಪ ಬೇಕು

“ಎಲ್ಲ ಹಡಗಿನಲ್ಲೂ ಜಿಪಿಎಸ್ ಇದೆಯಲ್ಲ, ಇನ್ನೂ ಲೈಟ್‌ಹೌಸ್ ಯಾಕೆ ಸಾರ್?” ಬೆಳಕಿನ ಪಾಠ ಬಂದಾಗ ನಿಮ್ಮಲ್ಲಿ ಯಾರಾದರೊಬ್ಬರು ಕೇಳುವ ಪ್ರಶ್ನೆ ಇದು. ಒಳ್ಳೆಯ ಪ್ರಶ್ನೆಯೇ. ಆದರೆ ಹೊಸದು ಬಂದ ಮೇಲೆ ಹಳೆಯದು ದಂಡ ಎಂಬ ಎಣಿಕೆ ಅದರೊಳಗಿದೆ. ಅದನ್ನು ನಾನು ಒಪ್ಪುವುದಿಲ್ಲ.

ಫ್ರಾನ್ಸಿನ ಕೊರ್ದುವಾನ್ ದೀಪಸ್ತಂಭವನ್ನೇ ನೋಡಿ. ಜಿರೋಂದ್ ಅಳಿವೆಯ ಬಾಯಲ್ಲಿ, ಕಡಲ ನಡುವಿನ ಬಂಡೆಯ ಮೇಲೆ 1611ರಲ್ಲಿ ಕಟ್ಟಿ ಮುಗಿಸಿದ್ದು. ಸುತ್ತಲೂ ಮರಳದಿಣ್ಣೆಗಳು, ಹಡಗು ತಾಗಿದರೆ ಕತೆ ಮುಗಿದಂತೆ. ಆ ಅಳಿವೆಗೆ ಬರುವ ಹಡಗುಗಳಿಗೆ ಅದು ಇವತ್ತಿಗೂ ದಾರಿ ತೋರಿಸುತ್ತಿದೆ.

ವಿಜ್ಞಾನಿ ಫ್ರೆನೆಲ್ ತಮ್ಮ ಹೊಸ ಮಸೂರವನ್ನು 1823ರಲ್ಲಿ ಬೆಳಗಿಸಿದ್ದು ಇಲ್ಲೇ. ಪೀನ ಮಸೂರದ ಚಿತ್ರ ಬರೆದು ನೀವು ಅಂಕ ತಗೊಳ್ತೀರಿ. ಅದೇ ಮಸೂರವನ್ನು ಆಳೆತ್ತರ ಮಾಡಬೇಕೆಂದರೆ? ನಡುವಿನ ಗಾಜು ವಿಪರೀತ ದಪ್ಪವಾಗುತ್ತೆ, ತೂಕ ಏರುತ್ತೆ, ಬೆಳಕನ್ನೂ ಹೀರುತ್ತೆ. ಆದರೆ ಬೆಳಕು ಬಾಗುವುದು ಗಾಜಿನ ಮೇಲ್ಮೈಯಲ್ಲಿ ಮಾತ್ರ. ಒಳಗೆ ನೇರ ಸಾಗುತ್ತೆ. ಹಾಗಾದರೆ ಒಳಗಿನ ಅಷ್ಟೊಂದು ಗಾಜು ಯಾಕೆ? ಅದನ್ನು ಬಿಟ್ಟು, ಬಾಗಿದ ಮೇಲ್ಮೈಯನ್ನಷ್ಟೇ ಉಂಗುರ ಉಂಗುರವಾಗಿ ಜೋಡಿಸಿದರು. (ಇಂಥ ಯೋಚನೆ ಮೊದಲೇ ಕೆಲವರಿಗೆ ಬಂದಿತ್ತು. ಕಡಲಿಗೆ ತಂದವರು ಇವರು.) ಎಣ್ಣೆದೀಪದ ಬೆಳಕು ಸಮಾಂತರ ಕಿರಣಗಳಾಗಿ ಬಹುದೂರ ಸಾಗಿತು.

ಇನ್ನು ಜಿಪಿಎಸ್. ಸುಮಾರು 20,000 ಕಿ.ಮೀ. ಮೇಲಿನ ಉಪಗ್ರಹಗಳಿಂದ ಬರುವ ಸಂಕೇತ ಇಲ್ಲಿಗೆ ಮುಟ್ಟುವಾಗ ತೀರ ದುರ್ಬಲ. ಬೇಕೆಂದೇ ಅದಕ್ಕೆ ಅಡ್ಡಿ ಮಾಡಬಹುದು, ಸುಳ್ಳು ಸಂಕೇತ ಕಳಿಸಿ ಹಡಗಿನ ದಾರಿ ತಪ್ಪಿಸಲೂಬಹುದು. ಆಗಲೂ ಪರದೆ ಧೈರ್ಯವಾಗಿ ಒಂದು ಜಾಗ ತೋರಿಸುತ್ತಿರುತ್ತೆ! ಅದು ತಪ್ಪೆಂದು ಗೊತ್ತಾಗಲು ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಸಾಕ್ಷಿ ಬೇಕು. ಲ್ಯಾಬಿನಲ್ಲಿ ಒಂದೇ ರೀಡಿಂಗ್ ನಂಬಬೇಡಿ ಅಂತ ನಿಮ್ಮನ್ನು ಗದರುವುದೂ ಇದಕ್ಕೇ.

ದೀಪ ಆ ಸಾಕ್ಷಿ. ಕೊರ್ದುವಾನಿನ ಬೆಳಕು 12 ಸೆಕೆಂಡಿನಲ್ಲಿ ಎರಡು ಸಲ, ಆಮೇಲೆ ಒಂದು ಸಲ ಮರೆಯಾಗುತ್ತೆ. ಆ ಲಯವೇ ಅದರ ಹೆಸರು. ನಾವಿಕ ಅದನ್ನು ಎಣಿಸಿ, ದಿಕ್ಸೂಚಿಯಲ್ಲಿ ದಿಕ್ಕು ಹಿಡಿದು, ನಕ್ಷೆಯ ಮೇಲೆ ಗೆರೆ ಎಳೆಯುತ್ತಾನೆ. ಹಡಗು ಆ ಗೆರೆಯ ಮೇಲೆ ಎಲ್ಲೋ ಇರಲೇಬೇಕು. ಪರದೆ ಬೇರೆ ಜಾಗ ತೋರಿಸಿದರೆ ಕೂಡಲೇ ಎಚ್ಚರವಾಗುತ್ತಾನೆ. ದಟ್ಟ ಮಂಜು ಕವಿದರೆ ದೀಪ ಕಾಣುವುದಿಲ್ಲ, ನಿಜ. ಆ ಹೊತ್ತಿಗೆ ಜಿಪಿಎಸ್, ರೇಡಾರ್ ಇವೆ.