ಗಂಡನ ಓಟಿಪಿ

ಮಹಾರಾಷ್ಟ್ರದಲ್ಲಿ ಹೆಂಗಸರ ಉದ್ಧಾರಕ್ಕೆಂದೇ ಒಂದು ಖಾತೆ ಇದೆ: ಮಹಿಳಾ ಮತ್ತು ಬಾಲವಿಕಾಸ. 2022ರ ಆಗಸ್ಟಿನಲ್ಲಿ ಆಗಿನ ಮುಖ್ಯಮಂತ್ರಿ ಏಕನಾಥ ಶಿಂದೆ 18 ಜನರನ್ನು ಮಂತ್ರಿ ಮಾಡಿದರು. ಒಬ್ಬ ಹೆಂಗಸೂ ಇರಲಿಲ್ಲ. ನಮ್ಮ ಖಾತೆ ಸಿಕ್ಕಿದ್ದು ಮುಂಬೈಯ ಬಿಲ್ಡರ್ ಮಂಗಲಪ್ರಭಾತ ಲೋಢಾ ಅವರಿಗೆ, ಪ್ರವಾಸೋದ್ಯಮದ ಜೊತೆಗೆ.

ನಾವೂ ಪ್ರೇಕ್ಷಣೀಯ ಸ್ಥಳವೇ ಇರಬೇಕು.

ಡಿಸೆಂಬರಿನಲ್ಲಿ ಆ ಖಾತೆ ಒಂದು ಸಮಿತಿ ಮಾಡಿತು. ಜಾತಿ, ಧರ್ಮ ದಾಟಿ ಮದುವೆಯಾದವರ ಮಾಹಿತಿ ಕೂಡಿಹಾಕಲಿಕ್ಕೆ. ಗದ್ದಲವಾದ ಮೇಲೆ ಜಾತಿಯನ್ನು ಕೈಬಿಟ್ಟರು, ಧರ್ಮವನ್ನು ಬಿಡಲಿಲ್ಲ. ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಪುಣೆ ಇರುವ ರಾಜ್ಯ ಇದು. ಪ್ರತಿ ಜನವರಿಗೆ ಆಕೆಯ ಫೋಟೊಕ್ಕೆ ಹಾರ ತಪ್ಪುವುದಿಲ್ಲ.

ನಮ್ಮವ್ವ ಸಿಂದಗಿ ಕಡೆಯ ಕೇರಿಯಿಂದ ಬಂದು ಈ ಪುಣೆಯ ಮಾಳಿಗೆಗಳಿಗೆ ಕಾಂಕ್ರೀಟು ಹೊತ್ತಾಕಿ. ನಾನು ಅವರಿವರ ಮನೆಯ ಭಾಂಡೆ ತಿಕ್ಕುತ್ತ ಅಕ್ಷರ ಕಲಿತೆ. ಗಂಡ ಬಿಟ್ಟುಹೋದ. ಹೋಗಲಿ, ಹೊಡೆತ ಉಳೀತು ಅಂದುಕೊಂಡೆ.

2024ರ ಆಗಸ್ಟ್ 17, ಪುಣೆಯ ಬಾಲೇವಾಡಿ ಕ್ರೀಡಾಂಗಣ. ರಾಖಿ ಹುಣ್ಣಿವೆಗೆ ಎರಡು ದಿನ ಇರುವಾಗ, ವಿಧಾನಸಭೆ ಚುನಾವಣೆಗೆ ಮೂರು ತಿಂಗಳು ಇರುವಾಗ, ಸರಕಾರದ ಅಣ್ಣಂದಿರು 'ಲಾಡಕೀ ಬಹೀಣ', ಅಂದರೆ ಮುದ್ದಿನ ತಂಗಿ, ಯೋಜನೆಗೆ ಚಾಲನೆ ಕೊಟ್ಟರು. ತಿಂಗಳಿಗೆ 1500 ರೂಪಾಯಿ. ಗಂಡ ಬಿಟ್ಟವಳಿಗೂ ಉಂಟು ಎಂದು ನಿಯಮದಲ್ಲೇ ಬರೆದಿತ್ತು. ತಗೊಂಡೆ. ಯಾಕ ತಗೋಬಾರದು? ನಮ್ಮವ್ವನ ಬುಟ್ಟಿಯ ಬಾಕಿ ಅದು.

ಮರುವರ್ಷ ಹೊರಬಿತ್ತು: ಆ ದುಡ್ಡು ತಿಂದವರಲ್ಲಿ 14 ಸಾವಿರಕ್ಕೂ ಹೆಚ್ಚು ಗಂಡಸರಿದ್ದರು! ಹಾಗಾದರೆ ತಪಾಸಣೆ ಯಾರಿಗೆ? ನಮಗೆ. ಸೆಪ್ಟೆಂಬರಿನಲ್ಲಿ ಆದೇಶ ಬಂತು. ಗಂಡನದೋ ಅಪ್ಪನದೋ ಆಧಾರ್ ತರಬೇಕು, ಅದಕ್ಕೆ ಬರುವ ಓಟಿಪಿ ಹೇಳಬೇಕು. ಕೋತಿ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು.

ಅಷ್ಟೊತ್ತಿಗೆ ಖಾತೆ ಹೆಂಗಸಿನ ಕೈಗೇ ಬಂದಿತ್ತು. ಮಂತ್ರಿ ಅದಿತಿ ತಟಕರೆ. ಅಪ್ಪ ಸುನೀಲ ತಟಕರೆ ಸಂಸದರು. ಅಪ್ಪನ ಕಾರ್ಡು ಯಾರಿಗೆ ಬಾಗಿಲು ತೆಗೆಯುತ್ತದೆ, ಯಾರಿಗೆ ತೆಗೆಯುವುದಿಲ್ಲ ಎಂದು ಆ ತಾಯಿಗೆ ನಾನೇನು ಹೇಳಲಿ? ನಮ್ಮಪ್ಪ ಮಣ್ಣಾಗಿದ್ದಾನೆ. ಅವನ ಸಾವನ್ನು ಯಾವ ಕಚೇರಿಯಲ್ಲೂ ಯಾರೂ ಬರೆಸಿಲ್ಲ.

ಅರ್ಜಿ ತುಂಬುವ ಅಂಗಡಿಯ ಹುಡುಗ ತಲೆ ಎತ್ತದೆ ಕೇಳಿದ, "ಮಿಸ್ಟರ್ ಕುಠೆ?" ಗಂಡ ಎಲ್ಲಿ ಅಂತ.

ಹಿಂದೆ ಪಾಳಿಯಲ್ಲಿ ನಿಂತ ಹೆಂಗಸರೆಲ್ಲ ಕಿವಿಯಾದರು. ಬ್ಲಾಕ್ ಮಾಡಿದ್ದ ನಂಬರನ್ನು ನಾನೇ ತೆರೆದು, ನಾನೇ ಫೋನು ಹಚ್ಚಿದೆ.

"ಈಗ ನೆನಪಾತೇನ ಗಂಡ?" ನಕ್ಕ. ಕುಡಿದಿದ್ದ. "ಅರ್ಧಾ ನನಗ ಹಾಕತೀಯೇನು? ಹಾಕತೀನಿ ಅನ್ನು, ನಂಬರ ಹೇಳತೀನಿ."

ಹಾಕತೀನಿ ಅಂದೆ. ಎಲ್ಲರೆದುರಿಗೆ ಅಂದೆ. ಆರು ಅಂಕಿ ಹೇಳಿದ. ಹುಡುಗ ಒತ್ತಿದ. ಪರದೆ ಹಸಿರಾಯಿತು.

ಈಗ ತಿಂಗಳಿಗೆ 750 ನನ್ನದು, 750 ಅವನದು. ಮಂತ್ರಿಗಳೇ, ನಿಮ್ಮ ಗಂಡಸರ ಪಟ್ಟಿಗೆ ಇನ್ನೊಂದು ಹೆಸರು ಸೇರಿಸಿಕೊಳ್ಳಿ.