ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಕಾರು ನಿಂತಲ್ಲಿಯೇ ನಡುಗುತ್ತದೆ. ಏರು ದಾರಿಯಲ್ಲಿ ಏದುಸಿರು ಬಿಡುತ್ತದೆ. ಪೆಟ್ರೋಲಿನ ಖರ್ಚು ಏರುತ್ತದೆ. ಚಾಲಕನ ಎದುರಿನ ಫಲಕದಲ್ಲಿ ಎಂಜಿನ್ನಿನ ಆಕಾರದ ಹಳದಿ ದೀಪವೊಂದು ಹೊತ್ತಿಕೊಳ್ಳುತ್ತದೆ. ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಸ್ಕ್ಯಾನರ್ ಜೋಡಿಸಿ, ‘ಪಿ0202’ ಎಂಬ ಸಂಕೇತವನ್ನು ಓದಿ, “ಎರಡನೆಯ ಇಂಜೆಕ್ಟರ್ ಹೋಗಿದೆ ಸ್ವಾಮಿ, ಹೊಸದು ಹಾಕಬೇಕು” ಎನ್ನುತ್ತಾನೆ. ಸಾವಿರಾರು ರೂಪಾಯಿ ತೆತ್ತು ಹೊಸದನ್ನು ಹಾಕಿಸಿದ ಮೇಲೂ ಒಮ್ಮೊಮ್ಮೆ ಕಾರಿನ ನಡುಕ ನಿಲ್ಲುವುದಿಲ್ಲ, ದೀಪ ಆರುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು!

ಹಾಗಾದರೆ ಸಂಕೇತ ಸುಳ್ಳು ಹೇಳಿತೆ? ಇಲ್ಲ. ಅದು ಹೇಳಿದ್ದು ಒಂದು, ಕೇಳಿದವರು ತಿಳಿದದ್ದು ಮತ್ತೊಂದು. ಎರಡನೆಯ ಸಿಲಿಂಡರಿನ ಇಂಜೆಕ್ಟರಿಗೆ ಸಂಬಂಧಿಸಿದ ವಿದ್ಯುತ್ ಮಂಡಲದಲ್ಲಿ ಎಲ್ಲಿಯೋ ದೋಷವಿದೆ ಎಂದಷ್ಟೇ ಆ ಸಂಕೇತದ ಅರ್ಥ. ಇಂಜೆಕ್ಟರಿನ ಬಾಯಿ ಕಸದಿಂದ ಕಟ್ಟಿಕೊಂಡರೆ ಈ ಸಂಕೇತ ಬರುವುದಿಲ್ಲ. ಆದುದರಿಂದ ಇದಕ್ಕೆ ಇಂಜೆಕ್ಟರನ್ನು ತೊಳೆಸುವುದೂ ಮದ್ದಲ್ಲ. ಪಿ0302 ಎಂಬ ಸಂಕೇತವೇ ಬೇರೆ. ಎರಡನೆಯ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲವೆಂದು ಅದು ಸೂಚಿಸುತ್ತದೆ. ಅದಕ್ಕೆ ಸ್ಪಾರ್ಕ್ ಪ್ಲಗ್ಗೂ ಕಾರಣವಾಗಬಹುದು.

ಇಂಜೆಕ್ಟರ್ ಎಂಬುದು ವಿದ್ಯುತ್ತಿನಿಂದ ತೆರೆದು ಮುಚ್ಚುವ ಪುಟ್ಟ ನಲ್ಲಿ. ಅದರೊಳಗೆ ತಾಮ್ರದ ತಂತಿಯ ಸುರುಳಿಯೊಂದು, ಸೂಜಿಯೊಂದು, ಅದನ್ನು ಅದುಮಿ ಹಿಡಿಯುವ ಸ್ಪ್ರಿಂಗ್ ಒಂದು ಇರುತ್ತವೆ. ಸುರುಳಿಯಲ್ಲಿ ವಿದ್ಯುತ್ ಹರಿದಾಗ ಅದು ಅಯಸ್ಕಾಂತವಾಗಿ ಸೂಜಿಯನ್ನು ಮೇಲಕ್ಕೆಳೆಯುತ್ತದೆ. ಪೆಟ್ರೋಲು ತುಂತುರಾಗಿ ಚಿಮ್ಮುತ್ತದೆ. ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತ ಸುಮ್ಮನೆ ನಿಂತಿರುವಾಗಲೂ ಪ್ರತಿಯೊಂದು ಇಂಜೆಕ್ಟರ್ ಸೆಕೆಂಡಿಗೆ ಆರೇಳು ಸಲ, ಪ್ರತಿ ಸಲವೂ ಸೆಕೆಂಡಿನ ಸಾವಿರ ಭಾಗಗಳಲ್ಲಿ ಕೆಲವೇ ಭಾಗಗಳ ಕಾಲ, ತೆರೆದು ಮುಚ್ಚುತ್ತದೆ.

ಸಾಮಾನ್ಯ ಪೆಟ್ರೋಲ್ ಕಾರುಗಳಲ್ಲಿ ಬ್ಯಾಟರಿಯ ವಿದ್ಯುತ್ತು ಫ್ಯೂಸು, ರಿಲೇಗಳನ್ನು ಹಾದು ನಾಲ್ಕು ಇಂಜೆಕ್ಟರುಗಳಿಗೂ ಒಂದೇ ಮೂಲದಿಂದ ಬರುತ್ತದೆ. ಪ್ರತಿಯೊಂದರ ಎರಡನೆಯ ತಂತಿ ಮಾತ್ರ ಪ್ರತ್ಯೇಕವಾಗಿ ನಿಯಂತ್ರಕ ಗಣಕಕ್ಕೆ ಹೋಗುತ್ತದೆ. ಗಣಕವು ಆ ತಂತಿಯನ್ನು ಕ್ಷಣಮಾತ್ರ ಭೂಸಂಪರ್ಕಕ್ಕೆ ಸೇರಿಸಿದಾಗ ಮಂಡಲ ಪೂರ್ಣವಾಗುತ್ತದೆ. ಮನೆಯ ದೀಪಗಳೆಲ್ಲ ಒಮ್ಮೆಗೇ ಆರಿದರೆ ಫ್ಯೂಸನ್ನು ನೋಡುವುದು, ಒಂದೇ ಕೋಣೆ ಕತ್ತಲಾದರೆ ಅಲ್ಲಿನ ಬಲ್ಬು, ಸ್ವಿಚ್ಚುಗಳನ್ನು ನೋಡುವುದು ಎಲ್ಲ ಗೃಹಸ್ಥರಿಗೂ ಗೊತ್ತು. ಇಲ್ಲಿಯೂ ಅದೇ ನ್ಯಾಯ. ನಾಲ್ಕೂ ಸತ್ತಿದ್ದರೆ ಫ್ಯೂಸು, ರಿಲೇ. ಒಂದೇ ಸತ್ತಿದ್ದರೆ ಅದರ ಕನೆಕ್ಟರ್, ತಂತಿ, ಸುರುಳಿ, ಕಟ್ಟಕಡೆಗೆ ಗಣಕ.

ಬಲ್ಲ ಮೆಕ್ಯಾನಿಕ್ ಖರ್ಚಿಲ್ಲದ ಪರೀಕ್ಷೆಯಿಂದ ತೊಡಗುತ್ತಾನೆ. ಮೊದಲು ಕಣ್ಣು: ಇಲಿ ಕಡಿದ ತಂತಿ, ಸಡಿಲವಾದ ಕನೆಕ್ಟರ್, ಅದರೊಳಗೆ ಹಿಡಿದ ಹಸಿರು ಕಿಲುಬು. ಆಮೇಲೆ ಕಿವಿ: ಓಡುತ್ತಿರುವ ಎಂಜಿನ್ನಿನಲ್ಲಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜೆಕ್ಟರಿನ ಮೇಲಿಟ್ಟು ಹಿಡಿಯನ್ನು ಕಿವಿಗೆ ತಾಗಿಸಿದರೆ ‘ಟಿಕ್ ಟಿಕ್’ ಸದ್ದು ಕೇಳಬೇಕು. ಮೂರರಲ್ಲಿ ಸದ್ದಿದ್ದು ಒಂದು ಮೌನವಾಗಿದ್ದರೆ ರೋಗಿ ಸಿಕ್ಕಂತೆ; ರೋಗದ ಕಾರಣ ಇನ್ನೂ ಸಿಗಬೇಕು.

ಅದಕ್ಕೆ ಮಲ್ಟಿಮೀಟರ್ ಬೇಕು. ಕೀಲಿಯನ್ನು ಆರಿಸಿ, ಕನೆಕ್ಟರನ್ನು ಬಿಡಿಸಿ ಸುರುಳಿಯ ರೋಧವನ್ನು ಅಳೆದರೆ ಬಹುಪಾಲು ಕಾರುಗಳಲ್ಲಿ 12ರಿಂದ 16 ಓಮ್‌ಗಳಷ್ಟು ಬರುತ್ತದೆ. ನೆರೆಯ ಇಂಜೆಕ್ಟರುಗಳ ಅಳತೆಯೊಡನೆ ಹೋಲಿಸುವುದು ಇನ್ನೂ ಒಳ್ಳೆಯದು. ಅಳತೆಯೇ ಬಾರದಿದ್ದರೆ ಸುರುಳಿ ತುಂಡಾಗಿದೆ. ಆಗ ಹೊಸ ಇಂಜೆಕ್ಟರ್ ಹಾಕುವುದು ನ್ಯಾಯ. ಅಳತೆ ಸರಿಯಿದ್ದರೆ ಕನೆಕ್ಟರಿಗೆ 12 ವೋಲ್ಟ್ ಬರುತ್ತಿದೆಯೇ ಎಂದು ನೋಡಬೇಕು. ಅನಂತರ ಅಲ್ಲಿ ಇದಕ್ಕಾಗಿಯೇ ಮಾಡಿದ ಪುಟ್ಟ ಪರೀಕ್ಷಾ ದೀಪವನ್ನು ಸಿಕ್ಕಿಸಿ ಎಂಜಿನ್ನನ್ನು ತಿರುಗಿಸಿದರೆ ಅದು ಮಿನುಗಬೇಕು. ದೊಡ್ಡ ಬಲ್ಬನ್ನು ಸಿಕ್ಕಿಸಿದರೆ ಗಣಕಕ್ಕೇ ಪೆಟ್ಟು ಬಿದ್ದೀತು. ವೋಲ್ಟೇಜು ಇದ್ದೂ ದೀಪ ಮಿನುಗದಿದ್ದರೆ ಗಣಕಕ್ಕೆ ಹೋಗುವ ತಂತಿಯನ್ನು ತುದಿಯಿಂದ ತುದಿಗೆ ಪರೀಕ್ಷಿಸಬೇಕು. ತಂತಿ ನಿರ್ದೋಷಿಯೆಂದು ಸಿದ್ಧವಾದ ಮೇಲೆಯೇ ಗಣಕವನ್ನು ಶಂಕಿಸಬೇಕು.

ಕೆಲವು ದೋಷಗಳು ಕಳ್ಳನಂತೆ ಹೊತ್ತು ನೋಡಿ ಬರುತ್ತವೆ. ಎಂಜಿನ್ ತಣ್ಣಗಿದ್ದಾಗ ಅಳತೆ ಸರಿಯಾಗಿರುತ್ತದೆ; ಕಾದಾಗ ಸುರುಳಿಯ ಬಿರುಕು ಬಾಯ್ದೆರೆಯುತ್ತದೆ. ಆದುದರಿಂದ ಕಾದ ಎಂಜಿನ್ನಿನಲ್ಲಿಯೂ ಅಳೆಯಬೇಕು. ಮೀಟರನ್ನು ನೋಡುತ್ತ ತಂತಿಯನ್ನು ಮೆಲ್ಲನೆ ಅಲುಗಿಸಬೇಕು.

ಗಣಕದ ಕಡೆಯ ತಂತಿಯ ಹೊದಿಕೆ ಸವೆದು ಎಂಜಿನ್ನಿನ ಲೋಹಕ್ಕೆ ತಗುಲಿದರೆ ಅಪಾಯ ಹೆಚ್ಚು. ಆಗ ಇಂಜೆಕ್ಟರ್ ಮುಚ್ಚುವುದೇ ಇಲ್ಲ. ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದುಹಾಕುತ್ತದೆ. ಉರಿಯದೆ ಉಳಿದದ್ದು ಹೊಗೆಕೊಳವೆಯ ಕೆಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ. ಅದರ ಬೆಲೆಯ ಮುಂದೆ ಇಂಜೆಕ್ಟರಿನ ಬೆಲೆ ಏನೂ ಅಲ್ಲ. ಹಳದಿ ದೀಪ ಮಿನುಗತೊಡಗಿದರೆ, ಪೆಟ್ರೋಲಿನ ವಾಸನೆ ಬಂದರೆ, ಕಪ್ಪು ಹೊಗೆ ಕಂಡರೆ, ಕಾರನ್ನು ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ ಕೀಲಿಯನ್ನು ಆರಿಸುವುದೇ ವಿವೇಕ.

ಇಂಧನದ ಕೊಳವೆಯನ್ನು ಮನೆಯಲ್ಲಿ ಬಿಚ್ಚಕೂಡದು; ಒಳಗಿನ ಪೆಟ್ರೋಲು ಒತ್ತಡದಲ್ಲಿರುತ್ತದೆ. ಡೀಸೆಲ್ ಕಾರುಗಳಲ್ಲಿಯೂ, ನೇರವಾಗಿ ಸಿಲಿಂಡರಿನೊಳಕ್ಕೆ ಪೆಟ್ರೋಲು ಚಿಮ್ಮಿಸುವ ಹೊಸ ಕಾರುಗಳಲ್ಲಿಯೂ ಇಂಜೆಕ್ಟರಿನ ವೋಲ್ಟೇಜು 12ಕ್ಕಿಂತ ಬಹಳ ಹೆಚ್ಚು. ಮೇಲಿನ ಅಳತೆಗಳು ಅವಕ್ಕೆ ಸಲ್ಲವು.

ಕಾರಿನ ಯಜಮಾನ ತಾನೇ ಮೀಟರ್ ಹಿಡಿಯಬೇಕಾಗಿಲ್ಲ. ಹಣ ಕೊಡುವ ಮುನ್ನ ಮೂರು ಪ್ರಶ್ನೆ ಕೇಳಿದರೆ ಸಾಕು: ಸುರುಳಿ ಎಷ್ಟು ಓಮ್ ತೋರಿಸಿತು? ಕನೆಕ್ಟರಿಗೆ 12 ವೋಲ್ಟ್ ಬರುತ್ತಿದೆಯೆ? ಪರೀಕ್ಷಾ ದೀಪ ಮಿನುಗಿತೆ? ಉತ್ತರ ಕೊಡಬಲ್ಲ ಮೆಕ್ಯಾನಿಕ್ ಸಿಕ್ಕಿದರೆ ಅವನನ್ನು ಬಿಡಬಾರದು. ಉತ್ತರ ಬಾರದಿದ್ದರೆ, ಬರೆ ಬೀಳುವುದು ಎಮ್ಮೆಗಲ್ಲ, ಯಜಮಾನನ ಕಿಸೆಗೆ.